ಅಪ್ಪನ ಮೂಗು, ಅಪ್ಪನ ಕಾಯಿಲೆ

ನಂತೂರು ಸರ್ಕಲಿನಲ್ಲಿ ಬಸ್ಸು ಓಡಿಸಲು ಎರಡು ಕಣ್ಣು ಸಾಲದು ಎಂದು ಡ್ರೈವರುಗಳು ಹೇಳುವುದುಂಟು. ದೀಪೇಶನಿಗೆ ಆ ದಿನ ಅಲ್ಲಿ ಒಂದೇ ಕಣ್ಣಿತ್ತು. ಅದು ಅವನಿಗೇ ಗೊತ್ತಿರಲಿಲ್ಲ.

ಎಡಗಡೆಯಿಂದ ನುಗ್ಗಿದ ಸ್ಕೂಟರನ್ನು ಅವನು ಕಾಣಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಬೊಬ್ಬೆ ಹೊಡೆದ ಮೇಲೆ ಬ್ರೇಕ್ ಒತ್ತಿದ. ಸ್ಕೂಟರಿನ ಹೆಂಗಸಿಗೂ ಬಸ್ಸಿಗೂ ನಡುವೆ ಒಂದು ಗೇಣು ಉಳಿದಿತ್ತು. ಅವಳು ಬಾಯಿಗೆ ಬಂದಂತೆ ಬೈದು ಹೋದಳು. ದೀಪೇಶ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ. ಎದುರಿಗೆ ಇದ್ದ ಇಷ್ಟು ದೊಡ್ಡ ಲಾರಿ ಮಾಯವಾಗಿ, ಬೂದು ಬಣ್ಣ ಮಾತ್ರ ಕಂಡಿತು. 

"ಕಣ್ಣು ಮಂಜಾದ್ರೆ ಕನ್ನಡಕ ಹಾಕು. ಅಷ್ಟಕ್ಕೆ ಎಂತ ಹೆದರುವುದು?" ಎಂದಳು ತಾಯಿ ಜಯ.

ಜಯ ಪಂಪ್‌ವೆಲ್ಲಿನ ಫ್ಲೈಓವರ್ ಬದಿಯ ಒಂದು ಸಣ್ಣ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಗಂಡ ದೂಮಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು. ಮೂವತ್ತು ವರ್ಷದ ಮಗ ದೀಪೇಶ, ಇಪ್ಪತ್ತೈದರ ಮಗಳು ನಿರೀಕ್ಷಾ, ಇಬ್ಬರನ್ನೂ ಹೊಲಿಗೆ ಯಂತ್ರ ತುಳಿದೇ ಬೆಳೆಸಿದವಳು. ಯಾವುದಕ್ಕೂ ಬೇಗ ಅಂಜುವ ಹೆಂಗಸಲ್ಲ.

ಕನ್ನಡಕಕ್ಕೆಂದು ಹೋದದ್ದು. ಕಣ್ಣಿನ ಡಾಕ್ಟರು ದೀಪೇಶನ ಎಡಗಣ್ಣಿನೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಹಾಕಿ, ಕುರ್ಚಿಯನ್ನು ಜಯಳ ಹತ್ತಿರ ಎಳೆದುಕೊಂಡರು.

"ಅಮ್ಮ, ನಿಮ್ಮಲ್ಲಿ ಯಾರಿಗಾದ್ರೂ ಕಿಡ್ನಿಯ ಕ್ಯಾನ್ಸರ್ ಆಗಿತ್ತಾ? ತಲೆಯಲ್ಲಿ ಗಡ್ಡೆ?"

ಜಯಳಿಗೆ ವಿಚಿತ್ರವೆನಿಸಿತು. ಕಣ್ಣು ತೋರಿಸಲು ಬಂದವರ ಹತ್ತಿರ ಕಿಡ್ನಿ ಕೇಳುವುದೇ?

"ಇಲ್ಲ ಡಾಕ್ಟ್ರೇ. ನಮ್ಮ ಕುಟುಂಬದಲ್ಲಿ ಯಾರಿಗೂ ಅಂಥದ್ದು ಇಲ್ಲ" ಎಂದಳು. ಕೊಟ್ಟ ಫಾರ್ಮಿನಲ್ಲೂ 'ಇಲ್ಲ' ಎಂದೇ ಬರೆದಳು.

ಈಗ ಕೇಳಿ. ಇದೇ ಜಯಳ ಗಂಡ ದೂಮಪ್ಪ ಸತ್ತದ್ದು ಕಿಡ್ನಿಯ ಕ್ಯಾನ್ಸರಿನಿಂದ. ನಲವತ್ತಮೂರನೇ ವಯಸ್ಸಿಗೆ. ಅವನ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದವಳು ಇವಳೇ. ಹಾಗಾದರೆ ಸುಳ್ಳು ಹೇಳಿದಳೇ? ಖಂಡಿತ ಇಲ್ಲ. ದೇವರ ಮೇಲೆ ಆಣೆ ಹಾಕಿಸಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳು.

ತುಳುವರಲ್ಲಿ ಗೋತ್ರದ ಹಾಗೆ 'ಬರಿ' ಎಂಬುದೊಂದಿದೆ. ಅದು ಮಕ್ಕಳಿಗೆ ತಾಯಿಯಿಂದ ಬರುತ್ತದೆ, ತಂದೆಯಿಂದ ಬರುವುದಿಲ್ಲ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಪ್ಪ ಒಂದೇ ಮನೆಯಲ್ಲಿ ಉಂಡು ಮಲಗಿದರೂ ಅವನ ಕುಟುಂಬ ಬೇರೆ, ಅವನ ದೈವ ಬೇರೆ. ದೂಮಪ್ಪನ ತಾಯಿಯೂ ಅದೇ ಕಾಯಿಲೆಯಿಂದ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದರು. ಅದು ಆ ಕುಟುಂಬದ ದೈವದ ಮುನಿಸು ಎಂದು ಜನ ಹೇಳುತ್ತಿದ್ದರು. ಆ ಮುನಿಸು ತನ್ನ ಬರಿಯ ಮಕ್ಕಳನ್ನು ಮುಟ್ಟದು ಎಂದು ಜಯ ಹದಿನೆಂಟು ವರ್ಷ ಧೈರ್ಯವಾಗಿ ನಿದ್ದೆ ಮಾಡಿದ್ದಳು.

"ಕಣ್ಣಿನ ಒಳಗೆ ಹಿಂಬದಿಯಲ್ಲಿ ರಕ್ತನಾಳಗಳ ಒಂದು ಗಂಟು ಉಂಟು. ಲೇಸರ್ ಮಾಡ್ತೇನೆ" ಎಂದರು ಡಾಕ್ಟರು. "ಆದ್ರೂ ಹೊಟ್ಟೆಯದ್ದು, ತಲೆಯದ್ದು ಒಂದು ಸ್ಕ್ಯಾನ್ ಮಾಡಿಸಿ. ಮರೀಬೇಡಿ."

ಲೇಸರ್ ಆಯಿತು. ಕಣ್ಣು ಅರ್ಧ ಮಾತ್ರ ಮರಳಿತು. ಸ್ಕ್ಯಾನಿನ ಚೀಟಿಯನ್ನು ಜಯ ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದಳು. ನಮಗೆ ಇಲ್ಲದ ಕಾಯಿಲೆಗೆ ಸ್ಕ್ಯಾನ್ ಎಂತಕ್ಕೆ? ಬಾಬಿನ್, ಗುಂಡಿ, ಹುಕ್ಕುಗಳ ಅಡಿಯಲ್ಲಿ ಅದು ಎಂಟು ತಿಂಗಳು ಬಿದ್ದಿತ್ತು.

ಆ ಚೀಟಿಯನ್ನು ಹೊರಗೆ ತೆಗೆದವಳು ಪಕ್ಕದ ಮನೆಯ ಡ್ಯಾಫ್ನಿ. ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋದವಳು ಆಗಷ್ಟೇ ಮರಳಿದ್ದಳು. ಬ್ಲೌಸಿನ ಅಳತೆ ಕೊಡಲು ಬಂದು, ಮಾತಿಗೆ ಮಾತು ಬೆಳೆದು, ದೀಪೇಶನ ಕಣ್ಣಿನ ಕಥೆ ಕೇಳಿದಳು. 

"ಜಯಕ್ಕ, ಡಾಕ್ಟರು ಕಿಡ್ನಿ ಕ್ಯಾನ್ಸರ್ ಉಂಟಾ ಕೇಳಿದ್ರಾ? ನೀವು ಇಲ್ಲ ಅಂದ್ರಾ? ದೂಮಪ್ಪಣ್ಣ ಹೋದದ್ದು ಮತ್ತೆ ಯಾವುದರಲ್ಲಿ? ನಾನೇ ಅಲ್ವಾ ಅವರಿಗೆ ಡ್ರಿಪ್ ಹಾಕಿದ್ದು!"

"ಅದು ಅವರ ಕುಟುಂಬದ್ದು ಮಾರಾಯ್ತಿ. ಅವರ ಬರಿ ಬೇರೆ, ನಮ್ಮ ಬರಿ ಬೇರೆ. ನಿಮಗೆ ಪೊರ್ಬುಗಳಿಗೆ ಇದೆಲ್ಲ ಅರ್ಥ ಆಗುವುದಿಲ್ಲ" ಎಂದು ಜಯ ನಕ್ಕಳು. ಕ್ರೈಸ್ತ ನೆರೆಯವರನ್ನು ಹಾಗೆ ಕರೆದು ಛೇಡಿಸುವುದು ಅವರಿಬ್ಬರ ನಡುವಿನ ಹಳೆಯ ಸಲುಗೆ.

ಡ್ಯಾಫ್ನಿ ನಗಲಿಲ್ಲ. "ದೀಪೇಶನ ಮೂಗು ಯಾರದ್ದು?"

"ಅವನಪ್ಪಂದೇ. ಅಚ್ಚು ಹಾಕಿದ ಹಾಗೆ ಉಂಟಲ್ಲ."

"ಆ ಮೂಗು ಬರುವಾಗ ಬರಿ ಕೇಳಿ ಬಂತಾ?"

ಜಯಳ ಕೈಯಲ್ಲಿದ್ದ ಟೇಪು ಹಾಗೇ ನಿಂತಿತು.

"ನೋಡಿ ಜಯಕ್ಕ, ಬರಿ ತಾಯಿಯಿಂದ ಬರ್ತದೆ, ಸರಿ. ಮೈ ಮಾತ್ರ ಇಬ್ಬರಿಂದ ಬರ್ತದೆ. ಮೈ ಹೇಗೆ ಬೆಳೀಬೇಕು ಅಂತ ಹೇಳುವ ಜೀನ್ ಪ್ರತಿಯೊಬ್ಬರಿಗೂ ಎರಡೆರಡು ಪ್ರತಿ ಉಂಟು. ಒಂದು ಅಪ್ಪಂದು, ಒಂದು ಅಮ್ಮಂದು. ಅಪ್ಪನ ಎರಡು ಪ್ರತಿಯಲ್ಲಿ ಒಂದು ಕೆಟ್ಟಿದ್ರೆ, ಮಗುವಿಗೆ ಒಳ್ಳೆಯದೂ ಬರಬಹುದು, ಕೆಟ್ಟದ್ದೂ ಬರಬಹುದು. ನಾಣ್ಯ ಚಿಮ್ಮಿದ ಹಾಗೆ. ಗಂಡೋ ಹೆಣ್ಣೋ ಅಂತ ನೋಡುವುದಿಲ್ಲ. ಒಬ್ಬೊಬ್ಬ ಮಗುವಿಗೂ ಹೊಸದಾಗಿ ಚಿಮ್ಮುವುದು."

"ಮತ್ತೆ ದೈವದ ಮುನಿಸು ಅಂತ ಅವರೆಲ್ಲ ಹೇಳ್ತಿದ್ದದ್ದು?"

"ದೈವಕ್ಕೆ ಕೈ ಮುಗೀರಿ, ಬೇಡ ಅಂದವರು ಯಾರು? ಕೈ ಮುಗಿದು ನಾಳೆ ಬೆಳಿಗ್ಗೆ ಸ್ಕ್ಯಾನಿಗೆ ಹೊರಡಿ. ನಾನೂ ಬರ್ತೇನೆ."

ಸ್ಕ್ಯಾನ್ ಆಯಿತು. ವರದಿ ಹಿಡಿದು ಅವರು ಕ್ಯಾನ್ಸರ್ ವೈದ್ಯೆ ಡಾಕ್ಟರ್ ಸಾಜಿದಾ ಅವರ ಎದುರು ಕೂತರು. ದೀಪೇಶನಿಗೆ ನೋವಿರಲಿಲ್ಲ, ಜ್ವರವಿರಲಿಲ್ಲ, ಮೂತ್ರದಲ್ಲಿ ರಕ್ತವಿರಲಿಲ್ಲ. ಬೆಳಿಗ್ಗೆ ಆರು ಇಡ್ಲಿ ತಿಂದು ಬಂದಿದ್ದ. ಆದರೂ ಅವನ ಬಲ ಕಿಡ್ನಿಯಲ್ಲಿ ನಾಲ್ಕು ಸೆಂಟಿಮೀಟರಿನ ಕ್ಯಾನ್ಸರ್ ಗಡ್ಡೆ ಕೂತಿತ್ತು. ಎಡ ಕಿಡ್ನಿಯಲ್ಲಿ ಎರಡು ಚಿಕ್ಕವು. ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ.

ಜಯ ಕೈಚೀಲದಿಂದ ಹೊಲಿಗೆಯ ಟೇಪನ್ನು ತೆಗೆದಳು. ಯಾಕೆಂದು ಅವಳಿಗೇ ತಿಳಿಯದು. ಸೆಂಟಿಮೀಟರಿನ ಬದಿಯಲ್ಲಿ ನಾಲ್ಕರ ಗೆರೆಗೆ ಹೆಬ್ಬೆರಳು ಇಟ್ಟು ನೋಡಿದಳು. ಒಂದು ಲಿಂಬೆಹಣ್ಣಿನಷ್ಟು.  ಸಾವಿರಾರು ಎದೆ, ತೋಳು, ಬೆನ್ನು ಅಳೆದ ಟೇಪು ಅದು. ಇಂಥದ್ದನ್ನು ಅಳೆಯುತ್ತೇನೆಂದು ಅವಳು ಎಂದೂ ಎಣಿಸಿರಲಿಲ್ಲ.

"ಎಂಟು ತಿಂಗಳು ನಾನು ಚೀಟಿ ಇಟ್ಟುಕೊಂಡೆ. ಅದರಿಂದ ಇಷ್ಟಾಯ್ತಾ ಡಾಕ್ಟ್ರೇ?"

"ಎಂಟು ತಿಂಗಳು ಕಳೆದದ್ದು ತಪ್ಪೇ ಅಮ್ಮ. ಆದ್ರೆ ಇದು ನಿನ್ನೆ ಮೊನ್ನೆಯದ್ದಲ್ಲ. ನಿಧಾನಕ್ಕೆ ಬೆಳೆಯುವ ಜಾತಿ. ಹತ್ತು ಹನ್ನೆರಡು ವರ್ಷದಿಂದ ಒಳಗೆ ಇದ್ದಿರಬೇಕು. ಆವಾಗಲೇ ಗೊತ್ತಿದ್ದಿದ್ರೆ ವರ್ಷಕ್ಕೊಮ್ಮೆ ನೋಡ್ತಿದ್ದೆವು. ಕಣ್ಣೂ ಉಳೀತಿತ್ತು."

ಹತ್ತು ಹನ್ನೆರಡು ವರ್ಷ. ಆ ಮಾತು ಜಯಳ ತಲೆಯಲ್ಲಿ ಉಳಿಯಿತು.

ರಕ್ತದ ಜೀನ್ ಪರೀಕ್ಷೆಯ ಫಲಿತಾಂಶ ಕೆಲವು ವಾರಗಳಲ್ಲಿ ಬಂತು. ದೀಪೇಶನಲ್ಲಿ ವಿ.ಎಚ್.ಎಲ್. ಎಂಬ ಜೀನ್ ಕೆಟ್ಟಿತ್ತು. ಹಾಗೆಂದರೇನು ಎಂದು ಅವನೇ ಕೇಳಿದ.

"ನಿಮ್ಮ ಮನೆಯ ಮೇಲೆ ನೀರಿನ ಟ್ಯಾಂಕ್ ಉಂಟಲ್ಲ?" ಎಂದರು ಡಾಕ್ಟರ್ ಸಾಜಿದಾ. "ತುಂಬಿದ ಕೂಡಲೇ ನೀರು ನಿಲ್ಲಿಸ್ಲಿಕ್ಕೆ ಅದರಲ್ಲಿ ಒಂದು ತೇಲುವ ಚೆಂಡು ಇರ್ತದೆ. ಈ ಜೀನಿನ ಕೆಲಸವೂ ಅದೇ. ಜೀವಕೋಶಕ್ಕೆ ಆಮ್ಲಜನಕ ಸಾಕಾದ್ರೆ 'ಇನ್ನು ಹೊಸ ರಕ್ತನಾಳ ಬೇಡ' ಅಂತ ನಿಲ್ಲಿಸುವುದು. ಚೆಂಡು ಕೆಟ್ಟರೆ? ಟ್ಯಾಂಕ್ ತುಂಬಿ ಸುರಿದರೂ ಪಂಪ್ ನಿಲ್ಲುವುದಿಲ್ಲ. ರಕ್ತನಾಳ ಬೆಳೀತದೆ, ಗಡ್ಡೆ ಬೆಳೀತದೆ. ಕಣ್ಣಿನಲ್ಲಿ ಗಂಟು ಕಂಡದ್ದೂ ಅದಕ್ಕೇ."

"ಹಾಗಾದ್ರೆ ಕೂದಲು ಉದುರುವ ಕೀಮೋ ಕೊಡ್ತೀರಾ?" ಜಯಳಿಗೆ ದೂಮಪ್ಪನ ಕೊನೆಯ ದಿನಗಳು ಕಣ್ಣೆದುರು ಬಂದವು.

"ಇಲ್ಲ. ಕಿಡ್ನಿಯ ಈ ಕ್ಯಾನ್ಸರಿಗೆ ಆ ಕೀಮೋ ಅಷ್ಟಾಗಿ ನಾಟುವುದಿಲ್ಲ. ಬಲಗಡೆಯ ಗಡ್ಡೆ ಮೂರು ಸೆಂಟಿಮೀಟರ್ ದಾಟಿದೆ, ಅದನ್ನು ಆಪರೇಷನ್ ಮಾಡಿ ತೆಗೀಬೇಕು. ಗಡ್ಡೆ ಮಾತ್ರ ತೆಗೀತೇವೆ, ಕಿಡ್ನಿ ಉಳಿಸ್ತೇವೆ. ಎಡಗಡೆಯದ್ದಕ್ಕೆ ಗುರಿ ಹಿಡಿದು ಕೆಲಸ ಮಾಡುವ ಮಾತ್ರೆ ಉಂಟು. ಕೆಟ್ಟ ಚೆಂಡನ್ನು ಅದು ಸರಿ ಮಾಡುವುದಿಲ್ಲ, ಪಂಪಿನ ಸ್ವಿಚ್ ಆಫ್ ಮಾಡ್ತದೆ. ಎಲ್ಲರಿಗೂ ಒಂದೇ ಮಾತ್ರೆ ಅಲ್ಲ. ಯಾವ ಜೀನ್ ಕೆಟ್ಟಿದೆ, ಗಡ್ಡೆ ಎಷ್ಟುಂಟು ನೋಡಿಯೇ ಕೊಡುವುದು. ಸುಸ್ತಾಗಬಹುದು, ರಕ್ತ ಕಡಿಮೆ ಆಗಬಹುದು. ಅದಕ್ಕೆ ತಿಂಗಳು ತಿಂಗಳು ಪರೀಕ್ಷೆ."

ಆಪರೇಷನ್ ಆಯಿತು, ಕಿಡ್ನಿ ಉಳಿಯಿತು. ಜಯ ಉಸಿರು ಬಿಟ್ಟಳು. ಆದರೆ ಡಾಕ್ಟರು ಬಿಡಬೇಕಲ್ಲ!

"ತಂಗಿ ಇದ್ದಾಳಲ್ಲ, ಅವಳಿಗೂ ರಕ್ತ ಪರೀಕ್ಷೆ ಆಗ್ಬೇಕು. ತಂದೆಗೆ ಒಡಹುಟ್ಟಿದವರು ಇದ್ರೆ ಅವರಿಗೂ, ಅವರ ಮಕ್ಕಳಿಗೂ ಹೇಳಿ."

ನಿರೀಕ್ಷಾಳ ನಿಶ್ಚಿತಾರ್ಥಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಹುಡುಗ ರೂಪೇಶ ಒಳ್ಳೆಯವನು, ಮನೆ ಒಳ್ಳೆಯದು. ಆಸ್ಪತ್ರೆಯಿಂದ ಮನೆಗೆ ಬಂದದ್ದೇ ತಡ, ಜಯ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಈಗ ಬೇಡ. ಮದುವೆ ಆಗ್ಲಿ, ಮತ್ತೆ ನೋಡುವ."

"ಅಮ್ಮ, ನನ್ನ ಮೈ ಅಲ್ವಾ ಅದು?" ಎಂದಳು ನಿರೀಕ್ಷಾ.

"ನಿನ್ನ ಮೈ ಸರಿ. ಮರ್ಯಾದೆ ಎಲ್ಲರದ್ದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಾನು ಸುಳ್ಳು ಹೇಳು ಅನ್ನುವುದಿಲ್ಲ. ಸುಮ್ಮನಿರು, ಸಾಕು."

"ಜಯಕ್ಕ, ಇದು ಅವಳು ತೀರ್ಮಾನ ಮಾಡುವುದು" ಎಂದು ಡ್ಯಾಫ್ನಿ ಬಾಯಿ ಹಾಕಿದಳು.

"ನಿನ್ನ ಮಗಳಿಗೆ ಮದುವೆ ಆಗಿ ಮಗುವೂ ಆಯ್ತಲ್ಲ. ನೀನು ಹೇಳ್ಬಹುದು!" ಎಂದು ಜಯ ಸಿಡುಕಿದಳು. ಡ್ಯಾಫ್ನಿ ಎದ್ದು ತನ್ನ ಮನೆಗೆ ಹೋದಳು. ಜಯಳಿಗೂ ಆಡಿದ ಮೇಲೆ ನಾಲಿಗೆ ಕಹಿಯಾಯಿತು.

ಆದರೂ ಗಂಡನ ಕಡೆಯವರಿಗೆ ಹೇಳದೆ ಇರುವುದು ಅವಳಿಗೆ ಸರಿಬರಲಿಲ್ಲ. ಊರಿಗೆ ಬುದ್ಧಿ ಹೇಳುವುದು ಮನೆಯಲ್ಲಿ ನಡೆಸುವುದಕ್ಕಿಂತ ಸುಲಭ ತಾನೇ? ಮರುದಿನ ಬೆಳಿಗ್ಗೆ ಬಸ್ಸು ಹತ್ತಿ, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಇಳಿದಳು. ಅಲ್ಲಿ ದೂಮಪ್ಪನ ಅಕ್ಕ, ಅಕ್ಕು ಎಂಬವರ ಮನೆ. ಹೋಗಿ ಬರುವುದು ವರ್ಷಕ್ಕೊಂದು ಸಲ, ಅದೂ ಯಾವುದಾದರೂ ಮದುವೆಯೋ, ಸತ್ತವರ ಹೆಸರಿನ ಬೊಜ್ಜದ ಊಟವೋ ಇದ್ದರೆ.

ಅರುವತ್ತೈದರ ಅಕ್ಕು ಚಾ ಕೊಟ್ಟರು, ಬೆಲ್ಲದ ತುಂಡು ಕೊಟ್ಟರು. ಜಯ ಎಲ್ಲವನ್ನೂ ಹೇಳಿದಳು. ಕಣ್ಣು, ಕಿಡ್ನಿ, ಟ್ಯಾಂಕು, ಚೆಂಡು. "ಅತ್ತಿಗೆ, ಇದು ನಿಮಗೂ ಇರಬಹುದು. ನಿಮ್ಮ ಮಗಳು ಸೌಮ್ಯಳಿಗೂ ಇರಬಹುದು. ಒಮ್ಮೆ ಸ್ಕ್ಯಾನ್ ಮಾಡಿಸಿ."

ಅಕ್ಕು ಎದ್ದು ಬಾಗಿಲು ಸರಿಸಿ ಬಂದರು. ಆಮೇಲೆ ಸೀರೆಯ ಸೆರಗನ್ನು ಬದಿಗೆ ಸರಿಸಿ ತೋರಿಸಿದರು. ಪಕ್ಕೆಯ ಕೆಳಗಿನಿಂದ ಬೆನ್ನಿನವರೆಗೆ ಹಳೆಯ ಹೊಲಿಗೆಯ ಗುರುತು. ಹೊಲಿಗೆ ಜಯಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ದೀಪೇಶನ ಮೈಮೇಲೂ ಈಗ ಅದೇ ಜಾಗದಲ್ಲಿ ಅಂಥದೇ ಗುರುತಿದೆ.

"ನನ್ನದು ಒಂದು ಕಿಡ್ನಿ ತೆಗೆದಾಗಿದೆ ಜಯ. ಮುಂಬೈಯಲ್ಲಿ. ಇಲ್ಲಿ ಎಲ್ಲರಿಗೂ ಕಲ್ಲಿನ ಆಪರೇಷನ್ ಅಂತ ಹೇಳಿದ್ದೆವು."

"ಎಷ್ಟು ವರ್ಷ ಆಯ್ತು?"

"ಹನ್ನೆರಡು."

ಜಯ ಚಾದ ಲೋಟವನ್ನು ಕೆಳಗಿಟ್ಟಳು.  ಹನ್ನೆರಡು ವರ್ಷ! ಡಾಕ್ಟರು ಹೇಳಿದ ಲೆಕ್ಕವೂ ಅದೇ. ಆಗ ದೀಪೇಶನಿಗೆ ಹದಿನೆಂಟು. ಎರಡು ಕಣ್ಣೂ ನೆಟ್ಟಗಿದ್ದ ಹುಡುಗ.

"ಅಂದರೆ ನಿಮಗೆ ಗೊತ್ತಿತ್ತು! ಅಮ್ಮ, ತಮ್ಮ, ನೀವು, ಮೂರು ಜನಕ್ಕೂ ಅದೇ ಅಂತ ಗೊತ್ತಿತ್ತು! ಒಂದು ಮಾತು ಹೇಳ್ಬಹುದಿತ್ತಲ್ಲ ಅತ್ತಿಗೆ? ಒಂದೇ ಒಂದು ಮಾತು?"

"ಮುಂಬೈಯ ಡಾಕ್ಟರು ಮನೆಯವರಿಗೆಲ್ಲ ಹೇಳಿ ಅಂದಿದ್ರು. ದೂಮನ ಮಕ್ಕಳು ನಿನ್ನ ಬರಿಯವರು, ಅವರಿಗೆ ಎಂತ ಆಗ್ತದೆ ಅಂತ ಎಣಿಸಿದೆ." ಅಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮತ್ತೆ ಆಗ ಸೌಮ್ಯಳಿಗೆ ಗಂಡು ನೋಡ್ತಿದ್ದೆವು. ಮದುವೆ ಆಗ್ಲಿ, ಮತ್ತೆ ನೋಡುವ ಅಂತ..."

ಬೈಯಲೆಂದು ಬಾಯಿ ತೆರೆದ ಜಯಳಿಗೆ ತನ್ನದೇ ದನಿ ಕೇಳಿಸಿದಂತಾಯಿತು.  ನಿನ್ನೆ ತಾನೇ ತನ್ನ ಅಡುಗೆ ಮನೆಯಲ್ಲಿ ನಿಂತು ತಾನು ಹೇಳಿದ್ದು ಅಕ್ಷರಕ್ಕೆ ಅಕ್ಷರ ಅದೇ. ಮದುವೆ ಆಗಲಿ, ಮತ್ತೆ ನೋಡುವ. ಆ ಮಾತು ತನ್ನ ಮಗನ ಒಂದು ಕಣ್ಣನ್ನು ತಿಂದಿದೆ. ಅದೇ ಮಾತನ್ನು ತಾನೀಗ ಮಗಳ ಮುಂದೆ ಬಡಿಸಿದ್ದಾಳೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಭಯವೂ ಆಯಿತು.

ವಾಪಸು ಬರುವ ಬಸ್ಸು ಸೇತುವೆಯ ಮೇಲಿದ್ದಾಗ ಅವಳು ಫೋನು ತೆಗೆದಳು.

"ನಿರೀಕ್ಷಾ, ನಾಳೆ ಹೋಗುವ."

"ಎಲ್ಲಿಗಮ್ಮ?"

"ರಕ್ತ ಕೊಡ್ಲಿಕ್ಕೆ. ನೀನು ಹೂಂ ಅಂದ್ರೆ. ರೂಪೇಶನಿಗೂ ನೀನೇ ಹೇಳು. ಬೇಡ ಅಂದ್ರೆ ಬೇಡ ಅನ್ಲಿ. ನನಗೆ ಅಳಿಯ ಇನ್ನೊಬ್ಬ ಸಿಕ್ಕಿಯಾನು, ಮಗಳು ಸಿಕ್ಕುವುದಿಲ್ಲ." ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಎಂದು ಜಯ ಗಟ್ಟಿಯಾಗಿಯೇ ಅತ್ತಳು.

ನಾಣ್ಯ ನಿರೀಕ್ಷಾಳಿಗೂ ಕೆಟ್ಟ ಬದಿಗೇ ಬಿದ್ದಿತ್ತು. ಫಲಿತಾಂಶ ಕೇಳಿದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಡ್ಯಾಫ್ನಿಯೇ ಅನ್ನ, ಮೀನು ಸಾರು ತಂದು ಬಡಿಸಿದಳು. ಆದರೆ ಎರಡು ಕಣ್ಣೂ ಸ್ವಚ್ಛವಾಗಿದ್ದವು. ತಲೆಯಲ್ಲಿ ಏನೂ ಇರಲಿಲ್ಲ. ಎಡ ಕಿಡ್ನಿಯಲ್ಲಿ ಒಂದು ಸೆಂಟಿಮೀಟರೂ ಇಲ್ಲದ ಚುಕ್ಕಿ. ಜಯಳ ಟೇಪಿನಲ್ಲಿ ಒಂದು ಸಣ್ಣ ಶರ್ಟಿನ ಗುಂಡಿಯಷ್ಟು.

"ಇದಕ್ಕೆ ಈಗ ಕತ್ತರಿಯೂ ಬೇಡ, ಮಾತ್ರೆಯೂ ಬೇಡ" ಎಂದರು ಡಾಕ್ಟರ್ ಸಾಜಿದಾ. "ಹೇಳಿದ ದಿನಕ್ಕೆ ಸ್ಕ್ಯಾನಿಗೆ ಬರ್ಬೇಕು, ಕಣ್ಣು ತೋರಿಸ್ಬೇಕು. ತಪ್ಪಿಸ್ಬಾರದು, ಅಷ್ಟೆ. ನಿಮ್ಮಣ್ಣನಿಗೆ ಸಿಗದ ಹತ್ತು ವರ್ಷ ನಿಮಗೆ ಸಿಕ್ಕಿದೆ."

ಮದುವೆ ಏನಾಯಿತು ಎಂದು ಕೇಳುತ್ತೀರಲ್ಲ? ರೂಪೇಶನ ಮನೆಯವರು ಹದಿನೈದು ದಿನ ಫೋನು ಎತ್ತಲಿಲ್ಲ. ಹದಿನಾರನೆಯ ದಿನ ರೂಪೇಶ ಒಬ್ಬನೇ ಬಂದು, ತಾನೂ ಡಾಕ್ಟರ ಹತ್ತಿರ ಕೇಳಬೇಕಾದದ್ದು ಉಂಟು ಎಂದ. ಹುಟ್ಟುವ ಮಕ್ಕಳ ಬಗ್ಗೆ ಕೇಳಿದ, ಎಲ್ಲವನ್ನೂ ಬರೆದುಕೊಂಡ. ಮದುವೆ ಮುಂದಕ್ಕೆ ಹೋಗಿದೆ, ಮುರಿದಿಲ್ಲ. ಸುಳ್ಳಿನ ಮೇಲಂತೂ ನಿಂತಿಲ್ಲ.

ದೀಪೇಶ ಈಗ ಬಸ್ಸು ಓಡಿಸುವುದಿಲ್ಲ. ಅದೇ ಕಂಪನಿಯ ಬಸ್ಸುಗಳ ಹೊತ್ತು ನೋಡುವ ಟೈಮ್ ಕೀಪರ್ ಆಗಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾನೆ. ದಿನವೂ ಮಾತ್ರೆ ನುಂಗುತ್ತಾನೆ, ಒಮ್ಮೊಮ್ಮೆ ಸುಸ್ತಾಗಿ ಸಿಡುಕುತ್ತಾನೆ. ಆರು ತಿಂಗಳ ಸ್ಕ್ಯಾನಿನಲ್ಲಿ ಎಡಗಡೆಯ ಗಡ್ಡೆಗಳು ಸ್ವಲ್ಪ ಕುಗ್ಗಿವೆ. ಅಕ್ಕುವಿನ ಮಗಳು ಸೌಮ್ಯ ತನ್ನಿಬ್ಬರು ಮಕ್ಕಳನ್ನು ಕರೆದುಕೊಂಡು ಡಾಕ್ಟರ್ ಸಾಜಿದಾ ಅವರಲ್ಲಿಗೆ ಬಂದಳು. ಜೊತೆಗೆ ಬಂದವಳು ಜಯ.

ಅಲ್ಲಿಯೂ ಅಂಥದೇ ಫಾರ್ಮ್ ಕೊಟ್ಟರು. 'ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?' ಸೌಮ್ಯ ಅದನ್ನು ಜಯಳ ಕಡೆಗೆ ಸರಿಸಿದಳು. ಜಯ ಪೆನ್ನು ತೆಗೆದುಕೊಂಡು ತಾನೇ ಬರೆದಳು. ಅಜ್ಜಿ. ತಾಯಿ. ಮಾವ ದೂಮಪ್ಪ. ಮಾವನ ಮಗ ದೀಪೇಶ. ಮಾವನ ಮಗಳು ನಿರೀಕ್ಷಾ. ಜಾಗ ಸಾಲದೆ ಕಾಗದದ ಅಂಚಿನಲ್ಲೂ ಬರೆದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೆದರಬೇಡಿ. ಕಿಡ್ನಿಯ ಕ್ಯಾನ್ಸರ್ ಆದ ನೂರು ಜನರಲ್ಲಿ ವಂಶದಿಂದ ಬಂದದ್ದು ಐದಾರು ಮಂದಿಗೆ ಮಾತ್ರ. ಉಳಿದವರಲ್ಲಿ ಬೀಡಿ ಸಿಗರೇಟು, ಬೊಜ್ಜು, ಬಿ.ಪಿ.ಯ ಪಾಲೂ ಇದೆ. ಆದರೆ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆಗಿದ್ದರೆ, ಐವತ್ತು ದಾಟುವ ಮೊದಲೇ ಬಂದಿದ್ದರೆ, ಎರಡೂ ಕಿಡ್ನಿಯಲ್ಲಿ ಇದ್ದರೆ, ಜೊತೆಗೆ ಕಣ್ಣಿನಲ್ಲೋ ಮೆದುಳಿನಲ್ಲೋ ಗಂಟು ಕಂಡಿದ್ದರೆ, ಡಾಕ್ಟರ ಹತ್ತಿರ ಜೀನ್ ಪರೀಕ್ಷೆಯ ಮಾತೆತ್ತಿ. ಇಂಥ ಜೀನ್ ಇದೊಂದೇ ಅಲ್ಲ, ಬೇರೆಯವೂ ಇವೆ. ಯಾವುದೆಂದು ತಿಳಿದರೆ ತಕ್ಕ ಔಷಧಿ ಹುಡುಕುವುದು ಸುಲಭ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ನಮ್ಮವರು ಯಾರು ಯಾರು ಯಾವ ಕಾಯಿಲೆಯಿಂದ ಹೋದರು? ಅಮ್ಮನ ಕಡೆಯದ್ದನ್ನೂ ಕೇಳಿ, ಅಪ್ಪನ ಕಡೆಯದ್ದನ್ನೂ ಕೇಳಿ. ನಿಮಗೇ ಇದ್ದರೆ ಮುಚ್ಚಿಡಬೇಡಿ, ರಕ್ತ ಹಂಚಿಕೊಂಡವರಿಗೆಲ್ಲ ಇಂದೇ ಹೇಳಿ. ಮದುವೆ ಆಗಲಿ ಎಂದು ಕಾಯಬೇಡಿ. ನೀವು ಕಾಯುವಾಗ ಗಡ್ಡೆ ಕಾಯುವುದಿಲ್ಲ.